ತುಟಿಗೆ ಉಜ್ಜಿದ ಸಕ್ಕರೆ



ಈ ಸಲದ ಸಂಕ್ರಾಂತಿ ಸಮಾರಂಭಕ್ಕೆ ಸಕ್ಕರೆ ಅಚ್ಚು ಮಾಡಿ ತರುವ ಹೊಣೆ ನಮ್ಮ ಮನೆಯ ಪಾಲಿಗೆ ಬಂದಿತ್ತು. ಊರಿನಿಂದ ಅಜ್ಜಿ ಬಂದಿದ್ದುದರಿಂದ ಧೈರ್ಯವಾಗಿ ಒಪ್ಪಿಕೊಂಡೆವು. (ಅಜ್ಜಿ ಎಂದರೆ ಮಕ್ಕಳ ಲೆಕ್ಕದಲ್ಲಿ. ನಮ್ಮಿಬ್ಬರಲ್ಲಿ ಒಬ್ಬರಿಗೆ ಅಮ್ಮ, ಇನ್ನೊಬ್ಬರಿಗೆ ಅತ್ತೆ.) ಮರದ ಅಚ್ಚುಗಳು ಮಂಡ್ಯದಿಂದ ಅವರ ಪೆಟ್ಟಿಗೆಯಲ್ಲೇ ಸೀರೆಗಳ ನಡುವೆ ಕೂತು ಮಿನೆಸೋಟಕ್ಕೆ ಬಂದಿದ್ದವು. ಎರಡು ರಾತ್ರಿ ಒಲೆ ಮುಂದೆ ನಿಂತು ಆನೆ, ಗಿಳಿ, ತುಳಸಿಕಟ್ಟೆ, ಗೋಪುರ ಎಲ್ಲ ಎರಕ ಹೊಯ್ದೆವು. ಆದರೆ ಸಭಾಂಗಣ ಮುಟ್ಟುವಷ್ಟರಲ್ಲಿ ಕಾಲು ಭಾಗದ ಆನೆಗಳಿಗೆ ಸೊಂಡಿಲಿಲ್ಲ, ಗಿಳಿಗಳಿಗೆ ಕೊಕ್ಕಿಲ್ಲ. ಹಿಮ ಕಟ್ಟಿದ ರಸ್ತೆಯಲ್ಲಿ ಕಾರು ಕುಲುಕಿದ್ದರ ಫಲ.

ಎಳ್ಳುಬೆಲ್ಲದ ಜೊತೆ ಮುರುಕು ಆನೆ ಹಂಚಲು ಆಗುವುದಿಲ್ಲವಲ್ಲ. ಹಾಗೆ ಉಳಿದ ಚೂರುಗಳನ್ನು ಮರುದಿನ ನಮ್ಮ ಹಿರಿಮಗಳು ಮತ್ತು ಅವಳ ಇಬ್ಬರು ಗೆಳತಿಯರು ಮಿಕ್ಸಿಯಲ್ಲಿ ಪುಡಿ ಮಾಡಿದರು. ಅದಕ್ಕೆ ಜೇನುತುಪ್ಪ, ಕೊಬ್ಬರಿ ಎಣ್ಣೆ ಕಲಸಿ, ಫೋನಿನಲ್ಲಿ ನೋಡಿದ ಪ್ರಕಾರ ತುಟಿಗೆ ಉಜ್ಜಿಕೊಳ್ಳತೊಡಗಿದರು. ಅಂಗಡಿಯಲ್ಲಿ ಪುಟ್ಟ ಡಬ್ಬಿಯಲ್ಲಿ ಮಾರುವ ಲಿಪ್ ಸ್ಕ್ರಬ್ ಇದೇ ಅಂತೆ. ಅಜ್ಜಿ ಅಡಿಗೆಮನೆಗೆ ಬಂದವರು ಹೌಹಾರಿದರು.

“ಅಯ್ಯೋ, ಏನ್ರೇ ಇದು! ತಿನ್ನೋ ಸಕ್ಕರೇನ ತುಟಿಗೆ ಉಜ್ಜಿ ಸಿಂಕಿಗೆ ತೊಳೀತಿದೀರಲ್ಲ!”

“ಅಜ್ಜಿ, ಅಂಗಡೀಲಿ ಇದಕ್ಕೆ ಹತ್ತು ಡಾಲರ್!”

“ಹಂಗಾದ್ರೆ ಕೊಳ್ಳೋರಿಗೆ ಬುದ್ಧಿ ಇಲ್ಲ, ಅಷ್ಟೆ.”

ಹಿಂದಿನ ದಿನ ಸಮಾರಂಭದಲ್ಲೇ ಈ ಹುಡುಗಿಯರು ತಮ್ಮ ಯೋಜನೆ ಹೇಳಿಕೊಂಡಾಗ ನಮ್ಮ ಕೂಟದ ಹಿರಿಯರೊಬ್ಬರು ಬಿಸಿಬೇಳೆ ಭಾತಿನ ತಟ್ಟೆ ಹಿಡಿದುಕೊಂಡೇ, “ಇದೆಲ್ಲ ನಮ್ಮ ಋಷಿಗಳು ಎರಡು ಸಾವಿರ ವರ್ಷದ ಹಿಂದೆಯೇ ಬರೆದಿಟ್ಟದ್ದಮ್ಮ, ಈ ದೇಶದವರು ಈಗ ಡಬ್ಬಿಗೆ ತುಂಬಿ ಮಾರುತ್ತಾರೆ” ಎಂದಿದ್ದರು. ಹೀಗಾಗಿ ಒಂದೇ ಬಟ್ಟಲಿನ ಬಗ್ಗೆ ನಮ್ಮ ಮುಂದೆ ಎರಡು ತೀರ್ಪು ಬಂದಂತಾಯಿತು. ಹಿರಿಯರ ಪ್ರಕಾರ ಇದು ನಮ್ಮ ಪರಂಪರೆ. ಅಜ್ಜಿಯ ಪ್ರಕಾರ ಇದು ಶುದ್ಧ ದಂಡ. ಮಗಳು “ಯಾವುದು ನಿಜ?” ಎಂದು ಕೇಳಿದಾಗ ನಮಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಪುಸ್ತಕ ತೆರೆದು ಕೂತೆವು. ಈ ಬರಹ ಅದರ ಫಲ.

ಮೊದಲು ತುಟಿಯ ವಿಚಾರ. ಇಲ್ಲಿನ ಜನವರಿಯಲ್ಲಿ ಯಾರ ತುಟಿ ಒಡೆಯುವುದಿಲ್ಲ ಹೇಳಿ. ಹೊರಗೆ ಕೊರೆಯುವ ಗಾಳಿ, ಒಳಗೆ ಹೀಟರಿನ ಒಣ ಬಿಸಿ. ಮೈಯ ಬೇರೆ ಕಡೆ ಚರ್ಮದಡಿಯಲ್ಲಿ ಜಿಡ್ಡು ಸುರಿಸುವ ಗ್ರಂಥಿಗಳೂ ಬೆವರು ಗ್ರಂಥಿಗಳೂ ಇರುತ್ತವೆ. ತುಟಿಯ ಕೆಂಪು ಭಾಗದಲ್ಲಿ ಅವು ಸಾಮಾನ್ಯವಾಗಿ ಇಲ್ಲ. ಮೇಲಿನ ಪದರವೂ ಬಹಳ ತೆಳು, ಅದಕ್ಕೇ ಒಳಗಿನ ರಕ್ತದ ಬಣ್ಣ ಹೊರಗೆ ಕಾಣುವುದು. ತನ್ನದೇ ಎಣ್ಣೆ ಇಲ್ಲದ್ದರಿಂದ ಬೇಗ ಒಣಗಿ ಸಿಪ್ಪೆ ಏಳುತ್ತದೆ. ನಾವು ನಾಲಿಗೆಯಿಂದ ಒದ್ದೆ ಮಾಡುತ್ತೇವೆ, ಆ ತೇವ ಆರುವಾಗ ಇನ್ನಷ್ಟು ಒಣಗುತ್ತದೆ. ಈ ಕಷ್ಟಕ್ಕೆ ಹೊರಗಿನಿಂದ ಜಿಡ್ಡು ಕೊಡಬೇಕೆಂಬುದು ಎಲ್ಲ ದೇಶದವರಿಗೂ ಬಹಳ ಹಿಂದೆಯೇ ಗೊತ್ತಿತ್ತು. ಸಕ್ಕರೆಯ ಕಥೆ ಮಾತ್ರ ಬೇರೆ, ಅದು ಇಲ್ಲಿಗೆ ಬಂದದ್ದು ಬಲು ತಡವಾಗಿ.

ನಮ್ಮ ಹಿರಿಯ ಸದಸ್ಯರ ಮಾತಿನಲ್ಲಿ ಅರ್ಧ ಸತ್ಯವಂತೂ ಇದೆ. ಸಕ್ಕರೆಯನ್ನು ಹರಳಾಗಿ ಮಾಡುವ ವಿದ್ಯೆ ನಮ್ಮ ಕಡೆಯದೇ. ಕಬ್ಬನ್ನು ಮೊದಲು ನೆಟ್ಟು ಪಳಗಿಸಿದವರು ನ್ಯೂಗಿನಿ ದ್ವೀಪದವರು. ಆದರೆ ಅದರ ರಸವನ್ನು ಕಾಯಿಸಿ, ಕಲ್ಮಷ ತೆಗೆದು, ಒಣ ಹರಳು ಮಾಡಿದ್ದು ಭಾರತದಲ್ಲಿ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉಗ್ರಾಣದ ಸರಕುಗಳನ್ನು ಹೇಳುವಾಗ ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ ಎಂದು ಐದು ಹೆಸರುಗಳನ್ನು ಸಾಲಾಗಿ ಕೊಟ್ಟಿದೆ. ಜೋನಿಬೆಲ್ಲದಂಥ ಪಾಕದಿಂದ ಹಿಡಿದು ಬಿಡಿಬಿಡಿ ಹರಳಿನವರೆಗೆ, ಒಂದಕ್ಕಿಂತ ಒಂದು ಶುದ್ಧ. ಅಂಗಡಿಯ ದರ್ಜೆಪಟ್ಟಿಯ ಹಾಗೆ.

ಇದರಲ್ಲಿ ಕೊನೆಯ ಹೆಸರು ನೋಡಿ. ಸಂಸ್ಕೃತದಲ್ಲಿ ಶರ್ಕರಾ ಎಂದರೆ ಮೂಲದಲ್ಲಿ ಸಿಹಿ ಅಲ್ಲ, ಮರಳುಕಲ್ಲು, ಸಣ್ಣ ಜಲ್ಲಿ. ಬೆರಳಿಗೆ ಗರಗರ ಸಿಗುವ ವಸ್ತು. ಕಬ್ಬಿನ ಹರಳು ಹಾಗೆ ಸಿಕ್ಕಿದ್ದರಿಂದ ಅದಕ್ಕೂ ಅದೇ ಹೆಸರಾಯಿತು. ಪ್ರಾಕೃತದಲ್ಲಿ ಸಕ್ಕರ, ಕನ್ನಡದಲ್ಲಿ ಸಕ್ಕರೆ, ಪಾರಸಿಯಲ್ಲಿ ಶಕರ್, ಅರಬ್ಬಿಯಲ್ಲಿ ಸುಕ್ಕರ್, ಅಲ್ಲಿಂದ ಯುರೋಪಿನ ಭಾಷೆಗಳಿಗೆ ಹೋಗಿ ಇಂಗ್ಲಿಷಿನ ಶುಗರ್. ಖಂಡ ಎಂಬ ಮಾತು ಪಾರಸಿಯಲ್ಲಿ ಕಂದ್ ಆಗಿ, ಕೊನೆಗೆ ನಮ್ಮ ಮಕ್ಕಳು ಹ್ಯಾಲೋವೀನ್ ದಿನ ಚೀಲ ಹಿಡಿದು ಬೇಡುವ ಕ್ಯಾಂಡಿ ಆಯಿತು. ಸಕ್ಕರೆ ಎಂಬ ಹೆಸರಿನಲ್ಲೇ ಉಜ್ಜುವ ಗುಣ ಇದೆ ಎಂದು ಮಗಳಿಗೆ ಹೇಳಿದಾಗ ಅವಳಿಗೆ ಬಹಳ ಖುಷಿಯಾಯಿತು. ಅಜ್ಜಿಗೆ ಆಗಲಿಲ್ಲ. “ಹೆಸರಿದ್ರೆ ಆಯ್ತಾ? ಕಲ್ಲುಸಕ್ಕರೇಲಿ ಮನೆ ಕಟ್ತೀರಾ?” ಎಂದರು.

ಹೊರಗಿನವರಿಗೂ ಮೊದಲು ಕಣ್ಣಿಗೆ ಬಿದ್ದದ್ದು ಈ ಗರಿಗರಿ ಗುಣವೇ. ಕ್ರಿ.ಶ. ಒಂದನೇ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್, ಭಾರತದಲ್ಲಿ ಒಂದು ಬಗೆಯ ದಂಟಿನಲ್ಲಿ ಗಟ್ಟಿಯಾದ ಜೇನು ಸಿಗುತ್ತದೆ, ಅದು ಉಪ್ಪಿನಂತೆ ಹಲ್ಲಿಗೆ ಸಿಕ್ಕಿ ಪುಡಿಯಾಗುತ್ತದೆ ಎಂದು ಬರೆದ. ಹೆಚ್ಚುಕಡಿಮೆ ಅದೇ ಕಾಲದ ರೋಮಿನ ಪ್ಲಿನಿ ಅದನ್ನು ಬಳಸುವುದು ಔಷಧಕ್ಕೆ ಮಾತ್ರ ಎಂದ. ಚೀನಾದ ತಾಂಗ್ ಚಕ್ರವರ್ತಿ ತೈತ್ಸುಂಗ್ ಕ್ರಿ.ಶ. 647ರ ಸುಮಾರಿಗೆ ಮಗಧಕ್ಕೆ ಜನ ಕಳಿಸಿ ಸಕ್ಕರೆ ಕಾಯಿಸುವ ಕ್ರಮವನ್ನು ಕಲಿತು ಬರಲು ಹೇಳಿದ್ದು ಅವರ ಚರಿತ್ರೆಯಲ್ಲೇ ದಾಖಲಾಗಿದೆ. ಮುಂದೆ ಆ ವಿದ್ಯೆಯಲ್ಲಿ ಅವರೂ ಪಳಗಿದರು. ಹಿಂದಿಯವರು ಇವತ್ತು ಬಿಳಿ ಸಕ್ಕರೆಯನ್ನು ಚೀನಿ ಎನ್ನುವುದು, ಕಲ್ಲುಸಕ್ಕರೆಯನ್ನು ಈಜಿಪ್ಟಿನ ಹೆಸರಿನಿಂದ ಮಿಸ್ರಿ ಎನ್ನುವುದು ಕೇಳಿದರೆ, ನಾವು ಕಲಿಸಿದ್ದನ್ನು ಉಳಿದವರು ಚೆನ್ನಾಗಿ ಮಾಡಿ ನಮಗೇ ಮಾರಿದ ನೆನಪು ಆ ಮಾತುಗಳಲ್ಲಿ ಉಳಿದಿದೆ ಎನ್ನಿಸುತ್ತದೆ.

ಆ ಹಳೆಯ ವಿದ್ಯೆಯ ಒಂದು ತುಣುಕನ್ನು ನಾವು ಸಕ್ಕರೆ ಅಚ್ಚಿನ ರಾತ್ರಿ ನಮ್ಮ ಒಲೆಯ ಮೇಲೇ ಕಂಡೆವು. ಅಜ್ಜಿ ಸಕ್ಕರೆಗೆ ನೀರು ಹಾಕಿ ಕುದಿಸಿ, ಒಂದೆರಡು ಚಮಚ ಹಾಲು ಬಿಟ್ಟರು. ಹಾಲು ಒಡೆದು ನೊರೆಯ ಜೊತೆ ಬೂದು ಬಣ್ಣದ ಕೊಳೆ ಮೇಲೆ ಬಂತು. ಅದನ್ನು ಸೌಟಿನಲ್ಲಿ ತೆಗೆದು, ಪಂಚೆಯ ಬಟ್ಟೆಯಲ್ಲಿ ಸೋಸಿ, ಮತ್ತೆ ಕುದಿಸಿ, ಮತ್ತೆ ಹಾಲು. ಅಂಗಡಿಯಿಂದ ತಂದ ಬೆಳ್ಳಗಿನ ಸಕ್ಕರೆಯಲ್ಲೂ ಇಷ್ಟು ಕೊಳೆಯೇ ಎಂದು ನಮಗೆ ಆಶ್ಚರ್ಯ. ಆಮೇಲೆ ಸ್ವಲ್ಪ ಸ್ವಲ್ಪವೇ ಪಾಕವನ್ನು ಪುಟ್ಟ ಪಾತ್ರೆಗೆ ತೆಗೆದುಕೊಂಡು, ಎಳೆ ಬರುವವರೆಗೆ ಕಾಯಿಸಿ, ಬೆಳ್ಳಗಾಗುವ ತನಕ ತಿರುವಿ, ನೆನೆಸಿದ ಮರದ ಅಚ್ಚಿಗೆ ಹೊಯ್ದರು. ಒಂದು ನಿಮಿಷ ಹೆಚ್ಚಾದರೆ ಪಾತ್ರೆಯಲ್ಲೇ ಕಲ್ಲು, ಕಡಿಮೆಯಾದರೆ ಅಚ್ಚಿನಲ್ಲಿ ಅಂಟು. ಥರ್ಮಾಮೀಟರ್ ಕೊಡೋಣವೇ ಎಂದಾಗ ಅಜ್ಜಿ ನಮ್ಮನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಅದಿರಲಿ. ಸಕ್ಕರೆ ನಮ್ಮದು, ಒಪ್ಪೋಣ. ಅದನ್ನು ತುಟಿಗೆ ಉಜ್ಜುವ ಪದ್ಧತಿ?

ತುಟಿಯ ಆರೈಕೆಯ ಮಾತು ನಮ್ಮ ಹಳೆಯ ಗ್ರಂಥಗಳಲ್ಲಿ ಚೆನ್ನಾಗಿಯೇ ಇದೆ. ವಾತ್ಸ್ಯಾಯನನ ಕಾಮಸೂತ್ರದಲ್ಲಿ (ಹೆಸರು ಕೇಳಿ ಸಂಪಾದಕರು ಗಾಬರಿಯಾಗಬೇಕಿಲ್ಲ, ಇದು ಬೆಳಗಿನ ದಿನಚರಿಯ ಅಧ್ಯಾಯ) ಪಟ್ಟಣದ ಶೋಕಿಯ ಗೃಹಸ್ಥ ಹಲ್ಲುಜ್ಜಿ, ಗಂಧ ಪೂಸಿ, ಧೂಪ ಹಾಕಿಕೊಂಡು, ಮಾಲೆ ಧರಿಸಿ, ಮೇಣ ಮತ್ತು ಅರಗಿನ ಕೆಂಪು ಹಚ್ಚಿಕೊಂಡು, ಕನ್ನಡಿ ನೋಡಿ, ತಾಂಬೂಲ ಹಾಕಿಕೊಂಡು ಕೆಲಸಕ್ಕೆ ಹೊರಡುತ್ತಾನೆ. ಆ ಮೇಣವೂ ಕೆಂಪೂ ತುಟಿಗೆ. ಇಂದಿನ ಬಣ್ಣದ ಲಿಪ್ ಬಾಮ್ ಕೂಡ ಬಹುಮಟ್ಟಿಗೆ ಮೇಣ ಮತ್ತು ಬಣ್ಣವೇ. ಗಂಡಸರು ಹಚ್ಚಿಕೊಳ್ಳುತ್ತಿದ್ದರು ಎಂಬುದನ್ನು ನಮ್ಮ ಮಗ ವಿಶೇಷವಾಗಿ ಗಮನಿಸಲೆಂದು ಇಲ್ಲಿ ಬರೆದಿದ್ದೇವೆ. ತುಟಿ ಒಡೆದು ರಕ್ತ ಬಂದರೂ ಏನೂ ಹಚ್ಚುವುದಿಲ್ಲ ಎನ್ನುವ ಹಟ ಅವನದು.

ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವಾತದಿಂದ ಬಂದ ತುಟಿಯ ರೋಗಕ್ಕೆ ಜೇನುಮೇಣ ಬೆರೆಸಿದ ಜಿಡ್ಡಿನಿಂದ ತಿಕ್ಕಬೇಕೆಂದಿದೆ. ಬಾಯಿಯ ರೋಗಗಳಿಗೆ ಪ್ರತಿಸಾರಣ ಎಂಬ ಕ್ರಮವೂ ಉಂಟು. ಅರೆದ ಮದ್ದನ್ನೋ ಪುಡಿಯನ್ನೋ ಜೇನನ್ನೋ ಬೆರಳ ತುದಿಯಲ್ಲಿ ತೆಗೆದು ಬಾಯೊಳಗೆ ಉಜ್ಜುವುದು. ಇದು ಹುಡುಗಿಯರು ಮಾಡಿದ್ದಕ್ಕೆ ಹತ್ತಿರ ಬಂತು. ಆದರೆ ಅದು ರೋಗಿಗೆ ವೈದ್ಯ ಮಾಡುವ ಚಿಕಿತ್ಸೆ, ಚಂದಕ್ಕೆ ಮಾಡಿಕೊಳ್ಳುವ ಉಪಚಾರ ಅಲ್ಲ. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಸ್ನಾನಕ್ಕೊಂದು, ಗಂಧಲೇಪನಕ್ಕೊಂದು, ತಾಂಬೂಲಕ್ಕೊಂದು ಪ್ರತ್ಯೇಕ ಪ್ರಕರಣಗಳಿವೆ. ಅರಮನೆಯಲ್ಲಿ ತುಟಿ ಕೆಂಪಾಗುತ್ತಿದ್ದುದು ಹೆಚ್ಚಾಗಿ ಎಲೆ ಅಡಿಕೆಯಿಂದಲೇ ಇರಬೇಕು.

ನಮ್ಮ ಮನೆಗಳ ಪದ್ಧತಿಯನ್ನು ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ. ಮಲಗುವಾಗ ತುಟಿಗೆ ತುಪ್ಪ ಅಥವಾ ಬೆಣ್ಣೆ. ತುಟಿ ಒಡೆದರೆ ಹೊಕ್ಕುಳಿಗೆ ಎಣ್ಣೆ. (ಇದು ಹೇಗೆ ಕೆಲಸ ಮಾಡುತ್ತದೆಂದು ಯಾವ ಡಾಕ್ಟರೂ ನಮಗೆ ವಿವರಿಸಿಲ್ಲ, ಆದರೂ ನಮ್ಮಲ್ಲಿ ಎಷ್ಟು ಜನ ಮಾಡಿಸಿಕೊಂಡಿಲ್ಲ?) ಉತ್ತರ ಕನ್ನಡ, ಮಲೆನಾಡಿನ ಕಡೆಯವರಿಗೆ ಮುರುಗಲ ಬೀಜದಿಂದ ತೆಗೆದ ತುಪ್ಪ ನೆನಪಿರಬಹುದು. ಸಾಬೂನಿನ ತುಂಡಿನಂತೆ ಗಟ್ಟಿಯಾಗಿರುತ್ತದೆ, ಬೆರಳಿನ ಬಿಸಿಗೆ ಕರಗುತ್ತದೆ. ಒಡೆದ ಹಿಮ್ಮಡಿಗೂ ತುಟಿಗೂ ಅದೇ. ಇಲ್ಲಿನ ಕೆಲವು ದುಬಾರಿ ಲಿಪ್ ಬಾಮುಗಳ ಮೇಲಿನ ಸಣ್ಣ ಅಕ್ಷರ ಓದಿ ನೋಡಿ, ಕೋಕಮ್ ಬಟರ್ ಎಂದಿರುತ್ತದೆ. ಅದು ಇದೇ.

ಇಷ್ಟೆಲ್ಲದರಲ್ಲಿ ಮೇಣ ಇದೆ, ಎಣ್ಣೆ ಇದೆ, ತುಪ್ಪ ಇದೆ, ಜೇನಿದೆ. ತುಟಿಯ ಸಿಪ್ಪೆ ತೆಗೆಯಲು ಸಕ್ಕರೆ ಉಜ್ಜುವ ಮಾತು ಇಲ್ಲ. ನಮ್ಮ ಹಿರಿಯ ಸದಸ್ಯರು ಕ್ಷಮಿಸಬೇಕು.

ಪಶ್ಚಿಮದವರ ಕಥೆಯೂ ಹೀಗೆಯೇ. ಎರಡನೇ ಶತಮಾನದ ವೈದ್ಯ ಗೇಲನ್ ಜೇನುಮೇಣ, ಆಲಿವ್ ಎಣ್ಣೆ, ಗುಲಾಬಿ ನೀರು ಕಲಸಿ ಮಾಡಿದನೆನ್ನುವ ಮುಲಾಮು ಇಂದಿನ ಕೋಲ್ಡ್ ಕ್ರೀಮಿನ ಅಜ್ಜ. 18ನೇ ಶತಮಾನದ ಇಂಗ್ಲಿಷ್ ಅಡಿಗೆ ಪುಸ್ತಕಗಳಲ್ಲಿ ಉಪ್ಪಿನಕಾಯಿ, ಜಾಮಿನ ಜೊತೆಗೇ ತುಟಿಯ ಮುಲಾಮಿನ ವಿಧಾನವೂ ಇರುತ್ತಿತ್ತು. ಹಂದಿಯ ಕೊಬ್ಬು, ಮೇಣ, ಬಾದಾಮಿ ಎಣ್ಣೆ, ಕೆಂಪು ಬಣ್ಣಕ್ಕೆ ಒಂದು ಬೇರು. 1829ರಲ್ಲಿ ಬಾಸ್ಟನ್ನಿನ ಲಿಡಿಯಾ ಮರಿಯಾ ಚೈಲ್ಡ್ ಎಂಬಾಕೆ ಮಿತವ್ಯಯದ ಗೃಹಿಣಿಯರಿಗಾಗಿ ಬರೆದ ಪ್ರಸಿದ್ಧ ಪುಸ್ತಕದಲ್ಲಿ ಒಡೆದ ತುಟಿಗೆ ಕಿವಿಯ ಗುಗ್ಗೆಯೇ ಉತ್ತಮ ಎಂದಿದ್ದಾಳೆ! ಮಿತವ್ಯಯ ಎಂದರೆ ಹೀಗಿರಬೇಕು. 1872ರಲ್ಲಿ ರಾಬರ್ಟ್ ಚೀಸ್‌ಬ್ರೊ ವ್ಯಾಸಲೀನಿಗೆ ಪೇಟೆಂಟ್ ಪಡೆದ ಮೇಲೆ ಜನಕ್ಕೆ ಆ ಕಷ್ಟ ತಪ್ಪಿತು.

ನಮಗೆ ಇಷ್ಟವಾದದ್ದು ಚಾಪ್‌ಸ್ಟಿಕ್ಕಿನ ಕಥೆ. ವರ್ಜೀನಿಯಾದ ಲಿಂಚ್‌ಬರ್ಗಿನಲ್ಲಿ 1880ರ ದಶಕದಲ್ಲಿ ಚಾರ್ಲ್ಸ್ ಫ್ಲೀಟ್ ಎಂಬಾತ ಬತ್ತಿಯಿಲ್ಲದ ಮೇಣದಬತ್ತಿಯಂತಿದ್ದ ಒಂದು ಕಡ್ಡಿ ಮಾಡಿ ಮಾರಲು ನೋಡಿದ. ಸರಿಯಾಗಿ ಹೋಗಲಿಲ್ಲ. 1912ರಲ್ಲಿ ಅದರ ಹಕ್ಕನ್ನು ಅದೇ ಊರಿನ ಜಾನ್ ಮಾರ್ಟನ್‌ಗೆ 5 ಡಾಲರಿಗೆ ಕೊಟ್ಟುಬಿಟ್ಟ. ಮಾರ್ಟನ್ನನ ಹೆಂಡತಿ ತನ್ನ ಅಡಿಗೆಮನೆಯ ಒಲೆಯ ಮೇಲೆ ಅದನ್ನು ಕರಗಿಸಿ, ಹಿತ್ತಾಳೆಯ ಕೊಳವೆಗಳಲ್ಲಿ ಹೊಯ್ದು, ಜಗಲಿಯ ಮೇಲೆ ಆರಲಿಟ್ಟು, ಕತ್ತರಿಸಿದಳು. ಅಚ್ಚಿಗೆ ಹೊಯ್ಯುವ ಕೆಲಸ! ಅಜ್ಜಿಗೆ ಇದನ್ನು ಓದಿ ಹೇಳಿದಾಗ, ಇಡೀ ಬರಹದಲ್ಲಿ ಅವರಿಗೆ ಪಸಂದಾದ ಏಕೈಕ ವ್ಯಕ್ತಿ ಆ ಹೆಣ್ಣುಮಗಳು.

ಹಾಗಾದರೆ ಎಲ್ಲೂ ಯಾರೂ ತುಟಿಗೆ ಸಕ್ಕರೆ ಯಾಕೆ ಉಜ್ಜಲಿಲ್ಲ? ಇಲ್ಲಿಗೆ ಬರುವಷ್ಟರಲ್ಲಿ ಅಜ್ಜಿಯ ತೀರ್ಪಿನ ಸತ್ಯ ನಮಗೆ ಕಾಣಲು ಶುರುವಾಯಿತು. ಸಕ್ಕರೆ ದುಬಾರಿ. ಶತಮಾನಗಳ ಕಾಲ ಯುರೋಪಿನಲ್ಲಿ ಅದು ಮೆಣಸು, ಲವಂಗಗಳ ಜೊತೆ ಬೀಗದ ಪೆಟ್ಟಿಗೆಯಲ್ಲಿ ಕೂರುತ್ತಿದ್ದ ಪದಾರ್ಥ. ಅದು ಅಗ್ಗವಾದ ರೀತಿಯನ್ನು ಓದುವುದು ಸುಲಭವಲ್ಲ. 17ನೇ ಶತಮಾನದ ನಡುವಿನಲ್ಲಿ ಬಾರ್ಬಡೋಸ್, ಆಮೇಲೆ ಜಮೈಕಾ, ಸೇಂಟ್ ಡೊಮಿಂಗ್ ಎಲ್ಲ ಕಬ್ಬಿನ ತೋಟಗಳಾದವು. ಅಟ್ಲಾಂಟಿಕ್ ಗುಲಾಮ ವ್ಯಾಪಾರದಲ್ಲಿ ಆಫ್ರಿಕದ ತೀರದಿಂದ ಹಡಗು ಹತ್ತಿಸಿದವರ ಸಂಖ್ಯೆ ಸುಮಾರು 1 ಕೋಟಿ 25 ಲಕ್ಷ, ಬದುಕಿ ದಡ ಮುಟ್ಟಿದವರು ಸುಮಾರು 1 ಕೋಟಿ 7 ಲಕ್ಷ. ಅವರಲ್ಲಿ ಬಹುದೊಡ್ಡ ಪಾಲು ಹೋದದ್ದು ಕಬ್ಬಿನ ಗದ್ದೆಗೆ. ಹಗಲು ಕಬ್ಬು ಕಡಿದು, ಸುಗ್ಗಿಯಲ್ಲಿ ರಾತ್ರಿಯೆಲ್ಲ ಗಾಣ ಮತ್ತು ಕೊಪ್ಪರಿಗೆಯ ಮುಂದೆ. ಗಾಣಕ್ಕೆ ಕೈ ಸಿಕ್ಕರೆ ಕತ್ತರಿಸಲು ಪಕ್ಕದಲ್ಲೇ ಕೊಡಲಿ ಇಟ್ಟಿರುತ್ತಿದ್ದರು.

1791ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗುಲಾಮ ವ್ಯಾಪಾರ ನಿಲ್ಲಿಸುವ ಮಸೂದೆಯನ್ನು ತಳ್ಳಿಹಾಕಿತು. ಆಗ ಇಂಗ್ಲೆಂಡಿನ ಸಾವಿರಾರು ಮನೆಗಳಲ್ಲಿ ವೆಸ್ಟ್ ಇಂಡೀಸಿನ ಸಕ್ಕರೆ ತಿನ್ನುವುದನ್ನು ಬಿಟ್ಟರು. ಇದರಲ್ಲಿ ಮುಂದೆ ನಿಂತವರಲ್ಲಿ ಅಡಿಗೆಮನೆಯ ಯಜಮಾನಿಯರು ಬಹಳ. ಆ ಚಳವಳಿಯ ಕಾಲದ ಸಕ್ಕರೆ ಬಟ್ಟಲುಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ. ಇದು ಗುಲಾಮರು ಮಾಡದ ಈಸ್ಟ್ ಇಂಡಿಯ ಸಕ್ಕರೆ ಎಂಬ ಅರ್ಥದ ಬರಹ ಅವುಗಳ ಮೇಲಿದೆ. ಅಂದರೆ ನಮ್ಮ ದೇಶದ ಸಕ್ಕರೆ. ಹೆಮ್ಮೆಪಡೋಣ ಎನ್ನುವಷ್ಟರಲ್ಲಿ ಮುಂದಿನ ಪುಟ ಬರುತ್ತದೆ. 1834ರಲ್ಲಿ ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ಕಾನೂನಿನ ಮೇಲೆ ಕೊನೆಗೊಂಡಾಗ, ತೋಟದ ಯಜಮಾನರು ಕೂಲಿಗಾಗಿ ತಿರುಗಿದ್ದು ಭಾರತದ ಕಡೆಗೇ. 1834ರಿಂದ ಮಾರಿಷಸ್, 1838ರಿಂದ ಬ್ರಿಟಿಷ್ ಗಯಾನಾ, 1860ರಿಂದ ನೇಟಾಲ್, 1879ರಿಂದ ಫಿಜಿ. ಐದು ವರ್ಷದ ಕರಾರಿಗೆ ಹೆಬ್ಬೆಟ್ಟೊತ್ತಿ ಹೊರಟವರು. ಅಗ್ರಿಮೆಂಟ್ ಎಂಬುದು ಅವರ ಬಾಯಲ್ಲಿ ಗಿರ್ಮಿಟ್ ಆಯಿತು. ಮಾರಿಷಸ್ ಒಂದಕ್ಕೇ ಸುಮಾರು ನಾಲ್ಕೂವರೆ ಲಕ್ಷ ಜನ. ನೇಟಾಲಿಗೆ 1860ರ ನವೆಂಬರಿನಲ್ಲಿ ಬಂದ ಮೊದಲ ಹಡಗು ಟ್ರೂರೋ ಹೊರಟದ್ದು ನಮ್ಮ ಪಕ್ಕದ ಮದರಾಸಿನಿಂದ. ಈ ಪದ್ಧತಿಗೆ ಹೊಸ ಜನರನ್ನು ಸೇರಿಸುವುದು ನಿಂತದ್ದು 1917ರಲ್ಲಿ.

ನಾವು ಇಲ್ಲಿಗೆ ಬಂದದ್ದು ವಿಮಾನದಲ್ಲಿ, ಕೈಯಲ್ಲಿ ಯೂನಿವರ್ಸಿಟಿಯ ಕಾಗದ ಹಿಡಿದು. ಪರದೇಶದಲ್ಲಿ ಭಾರತೀಯರು ಎಂಬ ಅಧ್ಯಾಯ ನಮ್ಮಿಂದಲೇ ಶುರುವಾಯಿತೆಂದು ಮಾತಾಡುವ ಅಭ್ಯಾಸ ನಮ್ಮ ಕೂಟಗಳಲ್ಲಿದೆ, ನಮಗೂ ಇತ್ತು. ನಮಗಿಂತ ಎಷ್ಟೋ ಮುಂಚೆ ಬಂದವರು ಕಬ್ಬಿನ ಗದ್ದೆಗೆ ಬಂದವರು.

ಇಷ್ಟಾದರೂ ತುಟಿಗೆ ಉಜ್ಜುವಂಥ ಸಕ್ಕರೆ ಇನ್ನೂ ಸಿದ್ಧವಾಗಿರಲಿಲ್ಲ. 19ನೇ ಶತಮಾನದಲ್ಲೂ ಸಕ್ಕರೆ ಮನೆಗೆ ಬರುತ್ತಿದ್ದುದು ಕೂಂಬಿನ ಆಕಾರದ ಗಟ್ಟಿ ಮುದ್ದೆಯಾಗಿ. ಅದನ್ನು ಇಕ್ಕಳದಲ್ಲಿ ಚೂರು ಮಾಡಿ ಕುಟ್ಟಬೇಕಿತ್ತು. ಉಪ್ಪಿನಂತೆ ಸರಾಗವಾಗಿ ಸುರಿಯುವ, ಒಂದೇ ಅಳತೆಯ ಹರಳು ಬರಬೇಕಾದರೆ ಯಂತ್ರಗಳು ಬರಬೇಕಾಯಿತು. 1813ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಹೊವರ್ಡ್ ಗಾಳಿ ತೆಗೆದ ಪಾತ್ರೆಯಲ್ಲಿ ಕಡಿಮೆ ಶಾಖದಲ್ಲೇ ಪಾಕ ಕುದಿಸುವ ಉಪಾಯ ಕಂಡುಹಿಡಿದ. 1840ರ ದಶಕದಲ್ಲಿ ನ್ಯೂ ಆರ್ಲಿಯನ್ಸಿನ ನಾರ್ಬರ್ಟ್ ರಿಲಿಯೂ ಒಂದು ಪಾತ್ರೆಯ ಹಬೆಯಿಂದಲೇ ಮುಂದಿನ ಪಾತ್ರೆ ಕಾಯುವ ಏರ್ಪಾಡು ಮಾಡಿ ಸೌದೆಯನ್ನೂ ಆಳುಗಳ ಸುಟ್ಟ ಗಾಯಗಳನ್ನೂ ಕಡಿಮೆ ಮಾಡಿದ. ಆತನ ತಾಯಿ ಆಫ್ರಿಕ ಮೂಲದವಳು. ಆಮೇಲೆ ರಭಸದಿಂದ ತಿರುಗಿ ಕಾಕಂಬಿಯನ್ನು ಎಸೆಯುವ ಯಂತ್ರಗಳು ಬಂದವು.

ಇದೇ ಹೊತ್ತಿಗೆ ಸಕ್ಕರೆ ಕಬ್ಬನ್ನೇ ಬಿಟ್ಟು ಬೇರೆ ಗಡ್ಡೆಗೂ ಹೋಗಿತ್ತು. 1747ರಲ್ಲಿ ಬರ್ಲಿನ್ನಿನ ಮಾರ್ಗ್ರಾಫ್ ಬೀಟಿನ ಗಡ್ಡೆಯಲ್ಲಿರುವುದೂ ಕಬ್ಬಿನ ಸಕ್ಕರೆಯೇ ಎಂದು ತೋರಿಸಿದ. ಅವನ ಶಿಷ್ಯ ಆಖಾರ್ಡ್ 1801ರ ಸುಮಾರಿಗೆ ಕಾರ್ಖಾನೆ ಕಟ್ಟಿದ. ಕಡಲು ಮಾರ್ಗ ಬಂದಾಗಿ ಸಕ್ಕರೆ ಸಿಗದ ನೆಪೋಲಿಯನ್ 1811ರಲ್ಲಿ ಬೀಟು ಬೆಳೆಯಲು ಅಪ್ಪಣೆ ಮಾಡಿದ. ಇದನ್ನೆಲ್ಲ ಯಾಕೆ ಹೇಳುತ್ತೇವೆಂದರೆ, ಅಮೆರಿಕದಲ್ಲಿ ತಯಾರಾಗುವ ಸಕ್ಕರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬೀಟಿನದು, ಮತ್ತು ನಮ್ಮ ಮಿನೆಸೋಟದ ರೆಡ್ ರಿವರ್ ಕಣಿವೆ ಆ ಬೆಳೆಯ ತವರು. ಅಕ್ಟೋಬರಿನಲ್ಲಿ ಆ ಕಡೆ ಕಾರಿನಲ್ಲಿ ಹೋದವರು ರಸ್ತೆ ಬದಿಯಲ್ಲಿ ಗುಡ್ಡದಷ್ಟು ಬೀಟಿನ ರಾಶಿ ನೋಡಿರಬಹುದು. ಚಳಿಗೆ ಹೆಪ್ಪುಗಟ್ಟಿ ರಾಶಿಯಲ್ಲೇ ತಿಂಗಳುಗಟ್ಟಲೆ ಕೆಡದೆ ಕೂತಿರುತ್ತದೆ. ಸಸ್ಯಾಹಾರಿಗಳಿಗೆ ಒಂದು ಉಪಮಾಹಿತಿ: ಇಲ್ಲಿನ ಕೆಲವು ಕಬ್ಬಿನ ಸಕ್ಕರೆ ಕಾರ್ಖಾನೆಗಳು ಬಣ್ಣ ತೆಗೆಯಲು ಮೂಳೆಯ ಇದ್ದಿಲು ಬಳಸುತ್ತವೆ, ಬೀಟಿನ ಸಕ್ಕರೆಗೆ ಅದು ಬೇಕಿಲ್ಲ. ನಮ್ಮ ಸಂಕ್ರಾಂತಿಯ ಆನೆ, ಗಿಳಿಗಳೆಲ್ಲ ಬೀಟಿನವು ಎಂದು ತಿಳಿದು ಅಜ್ಜಿ ಒಂದು ಗಳಿಗೆ ಸುಮ್ಮನಾದರು.

ಅವರು ಕಬ್ಬಿನ ಮನೆಯವರು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಕನ್ನಂಬಾಡಿ ಕಟ್ಟೆಯ ನಾಲೆ ನೀರು ಬಂದು ರಾಗಿ ಹೊಲಗಳು ಕಬ್ಬಿನ ಗದ್ದೆಗಳಾದ ಕಾಲ. ಅದಕ್ಕಾಗಿ ದುಡಿದವರಲ್ಲಿ ಮುಖ್ಯರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕ ಲೆಸ್ಲಿ ಕೋಲ್ಮನ್, ಇಲ್ಲೇ ಮೇಲಿನ ಕೆನಡಾದವರು. ಅಜ್ಜಿಯ ತಂದೆ ಎತ್ತಿನ ಗಾಡಿಯಲ್ಲಿ ಕಬ್ಬು ಹೇರಿಕೊಂಡು ಹೋಗಿ ಕಾರ್ಖಾನೆಯ ಮುಂದೆ ರಾತ್ರಿಯಿಡೀ ಸರದಿಗೆ ಕಾಯುತ್ತಿದ್ದರಂತೆ. ಆದರೆ ಮನೆಯಲ್ಲಿ ಕಾಫಿಗೆ ಬೆಲ್ಲ. ಸಕ್ಕರೆ ರೇಷನ್ ಅಂಗಡಿಯಲ್ಲಿ ಅಳೆದು ಕೊಟ್ಟಷ್ಟು, ಅದು ನೆಂಟರಿಗೆ, ಹಬ್ಬಕ್ಕೆ. “ನಾವು ಬೆಳೆದ ಕಬ್ಬು, ಆ ಸಕ್ಕರೆ ನೋಡಾಕೆ ನಾವು ಕಾರ್ಡ್ ಹಿಡ್ಕೊಂಡು ನಿಲ್ತಿದ್ವಿ” ಎಂದರು. ಸಕ್ಕರೆ ಅಚ್ಚು ಯಾಕೆ ವರ್ಷಕ್ಕೊಮ್ಮೆ, ಯಾಕೆ ಅಂಗೈಯಗಲದ್ದು ಎಂಬುದು ನಮಗೆ ಆಗ ತಿಳಿಯಿತು.

ಆದ್ದರಿಂದ ಮಗಳ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು. ಹರಳು ನಮ್ಮವರದು, ಹೆಸರು ನಮ್ಮವರದು, ತುಪ್ಪ ಮೇಣಗಳು ಎಲ್ಲರವು. ತುಟಿಗೆ ಸಕ್ಕರೆ ಉಜ್ಜುವುದು ಮಾತ್ರ ಯಾವ ಋಷಿಯದೂ ಅಲ್ಲ. ಸಕ್ಕರೆ ತೊಳೆದುಕೊಳ್ಳುವಷ್ಟು ಅಗ್ಗವಾದ ಮೇಲೆ ಬಂದದ್ದು. ಅಂಗಡಿಗಳಲ್ಲಿ ಅದು ಡಬ್ಬಿಯಾಗಿ ಎಲ್ಲೆಡೆ ಕಾಣಿಸಿಕೊಂಡು ಹೆಚ್ಚು ಕಾಲವಾಗಿಲ್ಲ.

ಹಾಗೆಂದು ಮಾಡಬಾರದೆಂದು ನಾವು ಹೇಳುವುದಿಲ್ಲ. ಮೂವರು ಹುಡುಗಿಯರೂ ಚಮಚ ಕೈಯಲ್ಲಿ ಹಿಡಿದು ಕಾಯುತ್ತಿರುವಾಗ ಹೇಳಿ ಪ್ರಯೋಜನವೂ ಇಲ್ಲ. ಸಕ್ಕರೆಗೆ ಒಂದು ಒಳ್ಳೆಯ ಗುಣ, ಉಜ್ಜುತ್ತಿದ್ದಂತೆ ತುಟಿಯ ತೇವಕ್ಕೆ ಅಂಚು ಕರಗಿ ಮೆತ್ತಗಾಗುತ್ತದೆ, ಮರಳಿನಂತೆ ಕೊನೆತನಕ ಕೆರೆಯುವುದಿಲ್ಲ. ನಮ್ಮ ಮನೆಯಲ್ಲಿ ಒಪ್ಪಿತವಾದ ಅಳತೆ: ನುಣ್ಣಗೆ ಪುಡಿ ಮಾಡಿದ ಸಕ್ಕರೆ ಎರಡು ಟೀ ಚಮಚ, ಕೊಬ್ಬರಿ ಎಣ್ಣೆ ಒಂದು ಚಮಚ, ಜೇನು ಅರ್ಧ ಚಮಚ. ಕೊಬ್ಬರಿ ಎಣ್ಣೆ ಇಲ್ಲಿನ ಚಳಿಗೆ ಕಲ್ಲಾಗಿರುತ್ತದೆ (24 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಅದು ಕರಗುವುದು), ಅಂಗೈಯಲ್ಲಿ ಬಿಸಿ ಮಾಡಿ ಬೆರೆಸಿ. ನೀರು ಸೋಕಿಸಬೇಡಿ. ಎಣ್ಣೆಯಲ್ಲಿ ಸಕ್ಕರೆ ಕರಗುವುದಿಲ್ಲ, ನೀರು ಬಿದ್ದರೆ ಕರಗಿ ಪಾಕವಾಗುತ್ತದೆ, ಬೂಷ್ಟೂ ಬರುತ್ತದೆ. ಬೆರಳಲ್ಲಿ ಒಂದು ಚಿಟಿಕೆ ತೆಗೆದು ಅರ್ಧ ನಿಮಿಷ ಹಗುರವಾಗಿ ತಿರುಗಿಸಿ, ಬೆಚ್ಚನೆ ನೀರಿನಲ್ಲಿ ತೊಳೆದು, ಕೂಡಲೇ ತುಪ್ಪವೋ ವ್ಯಾಸಲೀನೋ ಹಚ್ಚಿ. ಅದನ್ನು ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ, ತುಟಿ ಮೊದಲಿಗಿಂತ ಬೇಗ ಒಣಗುತ್ತದೆ. ವಾರಕ್ಕೆ ಒಂದು ಸಲ ಸಾಕು. ತುಟಿ ಒಡೆದು ರಕ್ತ ಬರುತ್ತಿದ್ದರೆ, ಗುಳ್ಳೆ ಎದ್ದಿದ್ದರೆ ಉಜ್ಜಲೇಬೇಡಿ. ಒಂದು ವರ್ಷದೊಳಗಿನ ಮಗುವಿನ ಬಾಯಿಗೆ ಜೇನು ತಾಗಿಸಬಾರದೆಂದು ಇಲ್ಲಿನ ಮಕ್ಕಳ ಡಾಕ್ಟರುಗಳು ಒತ್ತಿ ಹೇಳುತ್ತಾರೆ, ಪುಟ್ಟ ತಮ್ಮ ತಂಗಿಯರಿರುವ ಮನೆಯಲ್ಲಿ ಡಬ್ಬಿ ಮೇಲಿಡಿ.

ಈಗ ಭಾನುವಾರ ಸಂಜೆ ಮಗಳು ಸಕ್ಕರೆ ಉಜ್ಜಿಕೊಳ್ಳುತ್ತಾಳೆ, ರಾತ್ರಿ ಅಜ್ಜಿ ತಾವೇ ತುಪ್ಪ ಸವರುತ್ತಾರೆ. ಉಳಿದ ಮುರುಕು ಅಚ್ಚುಗಳನ್ನು ಅಜ್ಜಿ ಡಬ್ಬಿಗೆ ಹಾಕಿ ಅಕ್ಕಿ ಮೂಟೆಯ ಹಿಂದೆ ಇಟ್ಟಿದ್ದಾರೆ. ವಾರಕ್ಕೆ ಕೊಕ್ಕಿಲ್ಲದ ಗಿಳಿ ಒಂದು ಮಾತ್ರ ಮಂಜೂರು. ಆನೆಗಳು ಕಾಫಿಗೆ.